ಸಸಿ ಎಬ್ಬಿಸೋಕೆ ಯಾವ ಡಬ್ಬ ಆಗುತ್ತೆ, ಯಾವುದು ಬೇಡ? ಚಂದಾಪುರದ ಮನೆ, ಅಂಗಡಿಗಳಿಗೆ ಕಡಿಮೆ ಖರ್ಚಿನ ಕೈಪಿಡಿ

ಚಂದಾಪುರ: ಟೆರೇಸ್ ಮೇಲೆ ನಾಲ್ಕು ಟೊಮೆಟೊ, ಎರಡು ಮೆಣಸಿನ ಗಿಡ ಬೆಳೆಸಬೇಕು ಅನ್ನೋರಿಗೆ ಚಂದಾಪುರದಲ್ಲಿ ಡಬ್ಬಗಳಿಗೆ ಬರವಿಲ್ಲ. ಹೋಟೆಲ್ ಹಿಂದೆ ಎಣ್ಣೆ ಟಿನ್, ಬೇಕರಿಯಲ್ಲಿ ಪ್ಲಾಸ್ಟಿಕ್ ಬಕೆಟ್, ರಸ್ತೆ ಬದಿಯಲ್ಲಿ ಎಳನೀರು ಬುರುಡೆ, ಮನೆಯಲ್ಲಿ ದಿನಾ ಖಾಲಿಯಾಗುವ ಹಾಲಿನ ಪ್ಯಾಕೆಟ್. ಇವುಗಳ ಜೊತೆಗೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕೈಗಾರಿಕಾ ಪ್ರದೇಶಗಳು ಹತ್ತಿರವೇ ಇರುವುದರಿಂದ ಡ್ರಮ್, ಕ್ಯಾನ್, ಟ್ರೇಗಳು ಗುಜರಿ ಅಂಗಡಿಗೂ ಬಂದು ಬೀಳುತ್ತವೆ.

ತಿನ್ನುವ ಗಿಡಕ್ಕೆ ಇವುಗಳಲ್ಲಿ ಎಲ್ಲವೂ ಆಗುವುದಿಲ್ಲ. ಡಬ್ಬ ಹೊಸದೋ ಹಳೆಯದೋ ಎನ್ನುವುದಕ್ಕಿಂತ ಅದರಲ್ಲಿ ಮೊದಲು ಏನಿತ್ತು ಎನ್ನುವುದು ಮುಖ್ಯ. ಅದೊಂದು ಗೊತ್ತಿದ್ದರೆ ಸಸಿ ಎಬ್ಬಿಸುವ ಕೆಲಸ ಹೆಚ್ಚುಕಡಿಮೆ ಖರ್ಚಿಲ್ಲದೆ ಆಗುತ್ತೆ. ಯಾವುದನ್ನು ಬಳಸಬಹುದು, ಯಾವುದನ್ನು ಮುಟ್ಟಬಾರದು, ಎಲ್ಲಿ ಮಾತ್ರ ದುಡ್ಡು ಹಾಕಬೇಕು ಎಂಬ ವಿವರ ಇಲ್ಲಿದೆ.

ಮೊದಲು ಲೆಕ್ಕ: ಯಾವ ಬೀಜಕ್ಕೆ ಸಸಿ ಬೇಕು?

ಎಲ್ಲ ಬೀಜಕ್ಕೂ ಒಟ್ಲು ಹಾಕಬೇಕಿಲ್ಲ. ಹುರುಳಿಕಾಯಿ, ಬೆಂಡೆ, ಮೂಲಂಗಿ, ಕ್ಯಾರೆಟ್, ಪಾಲಕ್, ಕೊತ್ತಂಬರಿ, ಮೆಂತ್ಯ ಇವನ್ನು ಬೆಳೆಯುವ ಕುಂಡಕ್ಕೇ ನೇರವಾಗಿ ಬಿತ್ತಬೇಕು. ಮೂಲಂಗಿ, ಕ್ಯಾರೆಟ್ ಕಿತ್ತು ನೆಟ್ಟರೆ ಗೆಡ್ಡೆ ಸೊಟ್ಟಗಾಗುತ್ತೆ.

ಟೊಮೆಟೊ, ಬದನೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಎಲೆಕೋಸು, ಹೂಕೋಸು ಇವಕ್ಕೆ ಸಸಿ ಬೇಕು. ಟೊಮೆಟೊ, ಕೋಸು ಸುಮಾರು 25 ದಿನಕ್ಕೆ ನಾಟಿಗೆ ಬರುತ್ತವೆ. ಬದನೆಗೆ 30 ದಿನ, ಮೆಣಸಿನಕಾಯಿಗೆ 35ರಿಂದ 40 ದಿನ ಬೇಕು. ಸೌತೆ, ಹೀರೆ, ಹಾಗಲ, ಕುಂಬಳ ನೇರವಾಗಿ ಬಿತ್ತಿದರೂ ಆಗುತ್ತೆ. ಸಸಿ ಮಾಡುವುದಾದರೆ ಎರಡು ವಾರದೊಳಗೆ, ಬೇರು ಅಲುಗದಂತೆ ನೆಟ್ಟುಬಿಡಬೇಕು.

ಇನ್ನೊಂದು ಮಾತು. ಬೇಕಿರುವುದು ಬರೀ ಐದಾರು ಟೊಮೆಟೊ ಗಿಡವಾದರೆ ನರ್ಸರಿಯಿಂದ ಸಸಿಯನ್ನೇ ತರುವುದು ಅಗ್ಗ. ಆನೇಕಲ್, ಮಾಲೂರು, ಹೊಸೂರು ಕಡೆ ನೆರಳು ಪರದೆ ಹಾಕಿ ರೈತರಿಗೆ ಸಸಿ ಬೆಳೆಸಿಕೊಡುವ ನರ್ಸರಿಗಳಿವೆ. ಬೇಕಾದ ತಳಿಯೇ ಬೇಕು, ಮಕ್ಕಳಿಗೆ ತೋರಿಸಬೇಕು, ಅಕ್ಕಪಕ್ಕದವರಿಗೂ ಹಂಚಬೇಕು ಅನ್ನೋರು ಮಾತ್ರ ಬೀಜದಿಂದ ಶುರು ಮಾಡಿದರೆ ಲಾಭ.

ಡಬ್ಬಕ್ಕೆ ಇರಬೇಕಾದ ಮೂರು ಗುಣ

ಒಂದು, ತಳದಲ್ಲಿ ತೂತು. ನೀರು ನಿಂತರೆ ಬೇರಿಗೆ ಗಾಳಿ ಸಿಗಲ್ಲ, ಸಸಿಯ ಬುಡ ಕೊಳೆತು ಬೀಳುತ್ತೆ. ಸಣ್ಣ ಕಪ್‌ಗೆ ಮೂರು, ಹಾಲಿನ ಪ್ಯಾಕೆಟ್‌ಗೆ ಐದಾರು, ದೊಡ್ಡ ಬಕೆಟ್‌ಗೆ ಹತ್ತು ತೂತು ಇರಲಿ. ತಳದ ಮಧ್ಯಕ್ಕೆ ಒಂದೇ ತೂತು ಸಾಕಾಗಲ್ಲ, ಅಂಚಿನಲ್ಲೂ ಇರಬೇಕು.

ಎರಡು, ಆಳ. ಮೊಳಕೆ ಬರಿಸೋಕೆ ಎರಡು ಇಂಚು ಸಾಕು. 25 ದಿನ ಅಲ್ಲೇ ಇಡುವುದಾದರೆ ಮೂರು ಇಂಚು ಇದ್ದರೆ ಒಳ್ಳೆಯದು. ಆಳ ಕಡಿಮೆಯಾದಷ್ಟೂ ಬೇಗ ಒಣಗುತ್ತೆ. ಬೇಸಿಗೆಯಲ್ಲಿ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಸಸಿ ಸಾಯುವುದು ಹೆಚ್ಚಾಗಿ ಈ ಕಾರಣಕ್ಕೆ.

ಮೂರು, ಸಸಿ ಹೆಂಟೆ ಸಮೇತ ಸಲೀಸಾಗಿ ಹೊರಗೆ ಬರಬೇಕು. ಬಾಯಿ ಅಗಲ, ತಳ ಕಿರಿದು ಇರುವ ಡಬ್ಬ ಉತ್ತಮ. ಕುತ್ತಿಗೆ ಕಿರಿದಾದ ಬಾಟಲಿಯಾದರೆ ಮೇಲ್ಭಾಗ ಕತ್ತರಿಸಿ ಬಳಸಬೇಕು.

ಮನೆಯಲ್ಲೇ ಸಿಗುವವು

ಹಾಲಿನ ಪ್ಯಾಕೆಟ್: ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಸಸಿಗೆ ಹೇಳಿ ಮಾಡಿಸಿದ ಅಳತೆ. ಮೇಲಿನ ಅಂಚು ಪೂರ್ತಿ ಕತ್ತರಿಸಿ, ಸೋಪಿನ ನೀರಲ್ಲಿ ತೊಳೆದು, ಕೆಳಗಿನ ಎರಡು ಮೂಲೆ ಚೂರು ಕತ್ತರಿಸಿ, ತಳದಲ್ಲಿ ತೂತು ಹಾಕಿದರೆ ನರ್ಸರಿ ಕವರ್ ರೆಡಿ. ಒಂದೊಂದೇ ನಿಲ್ಲಲ್ಲ. ಹತ್ತು ಪ್ಯಾಕೆಟ್‌ಗಳನ್ನು ತೂತಿರುವ ತರಕಾರಿ ಕ್ರೇಟಿನಲ್ಲಿ ಒತ್ತಾಗಿ ಜೋಡಿಸಿಟ್ಟರೆ ನಿಲ್ಲುತ್ತವೆ. ನೆಡುವಾಗ ಪಕ್ಕ ಸೀಳಿದರೆ ಹೆಂಟೆ ಒಡೆಯದೆ ಬರುತ್ತೆ. ಬದನೆ, ಮೆಣಸಿನಕಾಯಿ, ಸೌತೆ, ಹೀರೆಗೆ ಇದೇ ಸರಿ. ಸೀಳಿದ ಪ್ಯಾಕೆಟನ್ನು ಮತ್ತೆ ತೊಳೆದು ಒಣ ಕಸಕ್ಕೆ ಹಾಕಬೇಕು.

ತೆಂಗಿನ ಕರಟ: ಕಣ್ಣಿರುವ ಅರ್ಧದಲ್ಲಿ ಮೂರು ಕಣ್ಣೂ ಚುಚ್ಚಿದರೆ ಸಾಕು, ತೂತು ತಾನಾಗಿ ಆಯಿತು. ಉರುಳದಂತೆ ಮರಳಿನ ಮೇಲೆ ಇಡಬೇಕು. ಒಂದು ಕರಟಕ್ಕೆ ಒಂದೇ ಸಸಿ.

ಎಳನೀರು ಬುರುಡೆ: ಮೇಲ್ಭಾಗ ಅಗಲವಾಗಿ ಕೊಚ್ಚಿಸಿಕೊಂಡು, ತಳದಲ್ಲಿ ತೂತು ಮಾಡಿ, ಒಳಗಿನ ಗಂಜಿ ಪೂರ್ತಿ ಕೆರೆದು ತೆಗೆಯಬೇಕು. ಗಂಜಿ ಉಳಿದರೆ ಇರುವೆ, ಬೂಷ್ಟು ಬರುತ್ತೆ. ತಿಂಗಳಾನುಗಟ್ಟಲೆ ಇಡಬಹುದು. ತೂಕ ಜಾಸ್ತಿ ಇರುವುದರಿಂದ ಟೆರೇಸ್ ಗಾಳಿಗೂ ಬೀಳಲ್ಲ. ತೂತಿಲ್ಲದ ಬುರುಡೆ ಮಾತ್ರ ಸೊಳ್ಳೆ ಗೂಡು.

ಪೇಪರ್ ಕಪ್: ದಿನಪತ್ರಿಕೆಯನ್ನು ಲೋಟದ ಸುತ್ತ ಎರಡು ಸುತ್ತು ಸುತ್ತಿ ತಳ ಮಡಿಚಿದರೆ ಕಪ್ ಆಗುತ್ತೆ. ಕಾಗದ ಕರಗುವುದರಿಂದ ಹಾಗೇ ನೆಡಬಹುದು. ಬಾಳೋದು ಎರಡು ಮೂರು ವಾರ. ಟೀ ಅಂಗಡಿಯ ಪೇಪರ್ ಲೋಟ ಬೇರೆ. ಅದರ ಒಳಮೈಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಮಣ್ಣಲ್ಲಿ ಕರಗಲ್ಲ, ನೆಡುವಾಗ ತೆಗೆಯಲೇಬೇಕು.

ಮೊಟ್ಟೆ ಟ್ರೇ: 30 ಗುಣಿ ಇರುವ ರಟ್ಟಿನ ಟ್ರೇ ನೋಡೋಕೆ ಚೆಂದ, ಆದರೆ ಆಳ ಕಡಿಮೆ. ಮೊಳಕೆ ಬಂದು ಎರಡೆಲೆ ಆಗುವವರೆಗೆ, ಅಂದರೆ ಹತ್ತು ಹನ್ನೆರಡು ದಿನಕ್ಕೆ ಮಾತ್ರ ಸಾಕು. ಆಮೇಲೆ ದೊಡ್ಡ ಕಪ್‌ಗೆ ಬದಲಾಯಿಸಬೇಕು.

ಪ್ಲಾಸ್ಟಿಕ್ ಲೋಟ: ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆಗಳ ತಯಾರಿಕೆ, ಮಾರಾಟ, ಬಳಕೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಸಸಿಗೆ ಅಂತ ಇವನ್ನು ಕೇಳಿಕೊಂಡು ಹೋಗೋದು ಬೇಡ, ಅಂಗಡಿಯವರು ಮಾರೋದೂ ಬೇಡ.

ದುಡ್ಡು ಕೊಟ್ಟು ತರುವುದಾದರೆ

ಆನ್‌ಲೈನ್‌ನಲ್ಲಿ ಸಿಗುವ 'ಸೀಡ್ಲಿಂಗ್ ಕಿಟ್' ನೂರುಗಳ ಲೆಕ್ಕದಲ್ಲಿರುತ್ತೆ. ರೈತರು ಬಳಸುವ ಪ್ರೋ ಟ್ರೇ ಹತ್ತುಗಳ ಲೆಕ್ಕದಲ್ಲಿ ಸಿಗುತ್ತೆ. ಗೊಬ್ಬರ, ಬೀಜದ ಅಂಗಡಿಗಳಲ್ಲಿ ಕೇಳಿ ನೋಡಬೇಕು. ಟೊಮೆಟೊ, ಮೆಣಸಿನಕಾಯಿ, ಬದನೆ, ಕೋಸಿಗೆ 98 ಗುಣಿಯ ಟ್ರೇ ಚಾಲ್ತಿಯಲ್ಲಿದೆ. ಮನೆ ಬಳಕೆಗೆ ಅಷ್ಟು ಸಸಿ ಬೇಕಿರಲ್ಲ. ಕತ್ತರಿಯಲ್ಲಿ ಟ್ರೇಯನ್ನು ನಾಲ್ಕು ತುಂಡು ಮಾಡಿ ನಾಲ್ಕು ಮನೆಯವರು ಹಂಚಿಕೊಂಡರೂ ಆಯಿತು. ಸೌತೆ, ಹೀರೆ ಜಾತಿಗೆ ಗುಣಿ ದೊಡ್ಡದಿರುವ 50ರ ಟ್ರೇ ಒಳ್ಳೆಯದು.

ಕೊಳ್ಳುವಾಗ ಟ್ರೇಯನ್ನು ಒಂದು ಮೂಲೆಯಲ್ಲಿ ಹಿಡಿದು ಎತ್ತಿ ನೋಡಬೇಕು. ತೀರಾ ಬಳುಕಿದರೆ ಮಣ್ಣು ತುಂಬಿದ ಮೇಲೆ ಮುರಿಯುತ್ತೆ. ಸ್ವಲ್ಪ ದಪ್ಪನೆಯದನ್ನು ತಂದು, ಬಳಸಿದ ಮೇಲೆ ತೊಳೆದು ನೆರಳಲ್ಲಿ ಇಟ್ಟರೆ ಹಲವು ಸಲ ಬರುತ್ತೆ. ಬಿಸಿಲಲ್ಲೇ ಬಿಟ್ಟರೆ ಪುಡಿ ಪುಡಿ.

ಹೋಟೆಲ್, ಬೇಕರಿಯಿಂದ ಬರುವವು

ಆಹಾರ ಪದಾರ್ಥ ಇದ್ದ ಡಬ್ಬಗಳೇ ಎಲ್ಲಕ್ಕಿಂತ ಸುರಕ್ಷಿತ. ಮೊಸರಿನ ಬಕೆಟ್, ಬೇಕರಿಗೆ ಕ್ರೀಮ್, ಜಾಮ್ ಬರುವ ಡಬ್ಬ, ಐಸ್‌ಕ್ರೀಮ್ ಬಾಕ್ಸ್, 15 ಕೆಜಿ ಎಣ್ಣೆ ಟಿನ್ ಇವೆಲ್ಲ ಬಳಸಬಹುದು.

ಎಣ್ಣೆ ಟಿನ್ನನ್ನು ಅಡ್ಡಲಾಗಿ ಮಲಗಿಸಿ ಮೇಲಿನ ಒಂದು ಮುಖ ಕತ್ತರಿಸಿದರೆ ಒಳ್ಳೆ ಸಸಿ ಪಾತಿ ಆಗುತ್ತೆ. ಅಂಚು ಕೈ ಕೊಯ್ಯುವಷ್ಟು ಹರಿತ ಇರುವುದರಿಂದ ಒಳಕ್ಕೆ ಮಡಿಚಿ ಸುತ್ತಿಗೆಯಲ್ಲಿ ತಟ್ಟಬೇಕು. ಎಣ್ಣೆ ಜಿಡ್ಡು ಬಿಸಿ ನೀರು, ಸೋಪು ಹಾಕಿ ತೆಗೆಯಬೇಕು. ಒಂದೆರಡು ವರ್ಷಕ್ಕೆ ತುಕ್ಕು ಹಿಡಿಯುತ್ತೆ, ಆ ತುಕ್ಕಿನಿಂದ ಗಿಡಕ್ಕೆ ತೊಂದರೆ ಇಲ್ಲ. ಬಿಸಿಲಲ್ಲಿ ಟಿನ್ ಕಾಯುವುದರಿಂದ ಸಸಿ ಇರುವಾಗ ಅರೆನೆರಳಲ್ಲಿ ಇಡಬೇಕು.

ಪೇಂಟ್ ಬಕೆಟ್ ಎಲ್ಲ ಕಡೆ ಸಿಗುತ್ತೆ. ಎಷ್ಟು ತೊಳೆದರೂ ಬಣ್ಣದ ಪದರ ಒಳಗೆ ಉಳಿದಿರುತ್ತೆ, ಬೂಷ್ಟು ಬರದಂತೆ ಬಣ್ಣಕ್ಕೆ ಔಷಧ ಸೇರಿಸಿರುತ್ತಾರೆ. ಹೂವಿನ ಗಿಡಕ್ಕೆ ಸರಿ, ಸೊಪ್ಪು ತರಕಾರಿಗೆ ಬೇಡ.

ಗುಜರಿಯಲ್ಲಿ ಕೊಳ್ಳುವ ಮೊದಲು

ಎಚ್ಚರ ಬೇಕಾಗಿರುವುದು ಇಲ್ಲಿ. ಕಾರ್ಖಾನೆಯಿಂದ ಬರುವ ನೀಲಿ ಡ್ರಮ್, ಬಿಳಿ ಕ್ಯಾನ್ ಗಟ್ಟಿಮುಟ್ಟಾಗಿರುತ್ತವೆ, ಅರ್ಧಕ್ಕೆ ಕೊಯ್ದರೆ ಎರಡು ದೊಡ್ಡ ಕುಂಡ ಅನ್ನಿಸುತ್ತೆ. ಆದರೆ ಅದರಲ್ಲಿದ್ದದ್ದು ಸಕ್ಕರೆ ಪಾಕವೋ, ದ್ರಾವಕವೋ, ಆಸಿಡ್ಡೋ ಹೊರಗಿಂದ ನೋಡಿದರೆ ಗೊತ್ತಾಗಲ್ಲ.

ಪ್ಲಾಸ್ಟಿಕ್ ಗಾಜಿನಂತಲ್ಲ. ಎಣ್ಣೆ, ದ್ರಾವಕದಂಥವನ್ನು ತನ್ನೊಳಗೆ ಸ್ವಲ್ಪ ಹೀರಿಕೊಂಡಿರುತ್ತೆ. ಸೋಪಿನಲ್ಲಿ ತೊಳೆದರೆ ಮೇಲ್ಮೈ ಮಾತ್ರ ಶುದ್ಧವಾಗುತ್ತೆ. ಒಳಗೆ ಸೇರಿದ್ದು ಬಿಸಿಲು, ನೀರಿಗೆ ನಿಧಾನವಾಗಿ ಮಣ್ಣಿಗಿಳಿಯಬಹುದು. ಮನೆಯಲ್ಲಿ ತೊಳೆದ ನೀರೂ ಚರಂಡಿ, ರಾಜಕಾಲುವೆ ಹಿಡಿದು ಕೆರೆಗೇ ಹೋಗುತ್ತೆ.

ಕಾನೂನಿನ ಮಾತೂ ಇದೆ. ಅಪಾಯಕಾರಿ ರಾಸಾಯನಿಕ ಅಂಟಿರುವ ಖಾಲಿ ಬ್ಯಾರೆಲ್, ಡಬ್ಬಗಳನ್ನು 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಸೇರಿಸಿವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಮಾತ್ರ ಅವು ಹೋಗಬೇಕು. ಅಂಥ ಡ್ರಮ್ ಮನೆಗೆ ಮಾರುವುದು ಗುಜರಿ ಅಂಗಡಿಯವರಿಗೂ ತೊಂದರೆ ತರುವ ವ್ಯಾಪಾರ.

ಕೊಳ್ಳುವ ಮುಂಚೆ ಇಷ್ಟು ನೋಡಿ:

ಲೇಬಲ್ ಇದೆಯಾ? ಕೆಂಪು ಗೆರೆಯ ವಜ್ರಾಕಾರದ ಚಿಹ್ನೆ, ತಲೆಬುರುಡೆ, ಬೆಂಕಿ ಗುರುತು, ಕೈಮೇಲೆ ಹನಿ ಬೀಳುವ ಗುರುತು ಇದ್ದರೆ ಬೇಡ. ಲೇಬಲ್ ಕೆರೆದು ತೆಗೆದಿದ್ದರೂ ಬೇಡ.

ವಾಸನೆ ಇದೆಯಾ? ಮುಚ್ಚಳ ತೆಗೆದಾಗ ಥಿನ್ನರ್, ಔಷಧಿ, ಘಾಟು ವಾಸನೆ ಬಂದರೆ ಅಲ್ಲೇ ಬಿಡಿ. ಮೂಗು ಹತ್ತಿರ ತಂದು ಮೂಸೋದು ಬೇಡ. ವಾಸನೆ ಬರಲಿಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲೂ ಅಲ್ಲ.

ತಳದ ತ್ರಿಕೋನದೊಳಗಿನ ಅಂಕಿ ಏನು ಹೇಳುತ್ತೆ? 1ರಿಂದ 7ರವರೆಗಿನ ಈ ಅಂಕಿ ಪ್ಲಾಸ್ಟಿಕ್ ಯಾವ ಜಾತಿಯದು ಎಂದಷ್ಟೇ ಹೇಳುತ್ತೆ. ಒಳಗೆ ಏನಿತ್ತು ಅಂತ ಹೇಳಲ್ಲ. 1 ನೀರಿನ ಬಾಟಲಿಯ ಜಾತಿ. 6 ಥರ್ಮಾಕೋಲ್ ಜಾತಿ, ಬೇಗ ಉದುರುತ್ತೆ. '2 ಅಂತ ಇದೆ, ಒಳ್ಳೇದು' ಎಂದು ಕೆಮಿಕಲ್ ಕ್ಯಾನ್ ತರುವುದು ತಪ್ಪು ಲೆಕ್ಕ.

ಗುಣಿ ಗುಣಿಯ ಕಪ್ಪು ಟ್ರೇ: ಯಂತ್ರ, ಎಲೆಕ್ಟ್ರಾನಿಕ್ ಬಿಡಿಭಾಗ ಸಾಗಿಸುವ ಟ್ರೇಗಳು ನೋಡೋಕೆ ಪ್ರೋ ಟ್ರೇ ಥರವೇ ಇರುತ್ತವೆ. ಗ್ರೀಸ್, ಕಟಿಂಗ್ ಆಯಿಲ್, ಬೆಸುಗೆ ಪುಡಿ ತಗುಲಿರಬಹುದು. ತಿನ್ನುವ ಗಿಡಕ್ಕೆ ಬೇಡ.

ಮರದ ಪ್ಯಾಲೆಟ್: ಹಲಗೆ ಕಿತ್ತು ಪೆಟ್ಟಿಗೆ ಮಾಡುವವರು ಅದರ ಮೇಲಿನ ಸುಟ್ಟ ಮುದ್ರೆ ನೋಡಬೇಕು. ರಫ್ತು ಪ್ಯಾಲೆಟ್‌ಗಳಲ್ಲಿ ತೆನೆ ಚಿತ್ರದ ಪಕ್ಕ ಇಂಗ್ಲಿಷಿನಲ್ಲಿ 'ಎಚ್‌ಟಿ' ಎಂದಿದ್ದರೆ ಬಿಸಿಯಲ್ಲಿ ಸಂಸ್ಕರಿಸಿದ್ದು, ಬಳಸಬಹುದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟಿದ್ದು, ಬಿಟ್ಟುಬಿಡಬೇಕು. ಎಣ್ಣೆ ಚೆಲ್ಲಿದ ಕಲೆ ಇದ್ದರೆ ಮುದ್ರೆ ಯಾವುದಿದ್ದರೂ ಬೇಡ.

ಕೀಟನಾಶಕದ ಡಬ್ಬ: ಲೇಬಲ್ ಮೇಲಿನ ಬಣ್ಣದ ಗುರುತಿನಲ್ಲಿ ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಆ ಡಬ್ಬ ಯಾವ ಕೆಲಸಕ್ಕೂ ಮರುಬಳಕೆ ಮಾಡುವಂತಿಲ್ಲ.

ಡಬ್ಬದಲ್ಲಿ ಉಳಿಸಿದ್ದನ್ನು ಮಣ್ಣಿಗೆ ಹಾಕಿ

ಡಬ್ಬ ಪುಕ್ಕಟೆ ಸಿಕ್ಕರೂ ಒಳಗೆ ತುಂಬುವುದು ಕೆಟ್ಟದಾದರೆ ಸಸಿ ಏಳಲ್ಲ. ನಮ್ಮ ಕಡೆಯ ಕೆಂಪು ಮಣ್ಣನ್ನು ಹಾಗೇ ಸಣ್ಣ ಕಪ್‌ಗೆ ತುಂಬಿದರೆ ಎರಡು ಸಲ ನೀರು ಹಾಕಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತೆ. ಕಟ್ಟಡದ ಜಾಗದ ಮಣ್ಣಿನಲ್ಲಿ ಸಿಮೆಂಟ್ ಪುಡಿ ಸೇರಿರುತ್ತೆ, ಅದಂತೂ ಬೇಡವೇ ಬೇಡ.

ಸಣ್ಣ ಗುಣಿಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಸಾಕು. 5 ಕೆಜಿಯ ಒಂದು ಇಟ್ಟಿಗೆ ನೆನೆಸಿದರೆ ಸುಮಾರು 70 ಲೀಟರ್‌ನಷ್ಟು ಉಬ್ಬುತ್ತೆ. ಒಂದು ಮನೆಗೆ ಇದು ಜಾಸ್ತಿ, ಮೂರ್ನಾಲ್ಕು ಮನೆಯವರು ಸೇರಿ ತಂದರೆ ಉಳಿತಾಯ. ಅಗ್ಗದ ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುತ್ತೆ. ನೆನೆಸಿ, ಹಿಂಡಿ, ನೀರು ಚೆಲ್ಲಿ, ಹೀಗೆ ಎರಡು ಮೂರು ಸಲ ಮಾಡಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಸಿಗಾಗಿಯೇ ಹುದುಗಿಸಿದ ಕೊಕೊಪೀಟ್ ತಂತ್ರಜ್ಞಾನ ರೂಪಿಸಿದೆ. ಸಂಸ್ಥೆಯ 'ಅರ್ಕಾ' ಹೆಸರಿನ ತರಕಾರಿ ತಳಿಗಳ ಬೀಜವೂ ಅಲ್ಲಿ ಸಿಗುತ್ತೆ.

ಹಾಲಿನ ಪ್ಯಾಕೆಟ್, ಟಿನ್‌ನಂಥ ದೊಡ್ಡ ಡಬ್ಬಕ್ಕೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಸಮ ಪಾಲು ಹಾಕಬಹುದು. ಎಂ-ಸ್ಯಾಂಡ್ ಆದರೆ ಅದರ ಸಣ್ಣ ದೂಳು ಹೋಗುವವರೆಗೆ ತೊಳೆಯಬೇಕು. ಹಸಿ ಸಗಣಿ ಹಾಕಿದರೆ ಸಸಿ ಸುಡುತ್ತೆ.

ನೀರು ಯಾವುದು?

ಕೆರೆ, ರಾಜಕಾಲುವೆ ನೀರು ಸೊಪ್ಪು ತರಕಾರಿಗೆ ಬೇಡ. ಚಂದಾಪುರ ಕೆರೆಯ ಮಾಲಿನ್ಯದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿ ಆದೇಶಿಸಿತ್ತು ಎಂಬುದು ಊರಿನವರಿಗೆ ನೆನಪಿರುತ್ತೆ.

ಬೋರ್‌ವೆಲ್, ಟ್ಯಾಂಕರ್ ನೀರು ಗಡಸಾಗಿದ್ದರೆ ಟ್ರೇ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತೆ. ಹಾಗೆ ಕಂಡರೆ ವಾರಕ್ಕೊಮ್ಮೆ ತಳದಿಂದ ಹರಿದು ಹೋಗುವಷ್ಟು ನೀರು ಹಾಕಿ ಉಪ್ಪು ತೊಳೆಯಬೇಕು. ಆರ್‌ಒ ಫಿಲ್ಟರ್‌ನಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಉಪ್ಪು ಇನ್ನೂ ಸಾಂದ್ರವಾಗಿರುತ್ತೆ, ಸಸಿಗೆ ಹಾಕಬಾರದು. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರಿನಲ್ಲಿ ಸೋಡಿಯಂ ಜಾಸ್ತಿ, ಅದೂ ಆಗಿ ಬರಲ್ಲ. ಮಳೆ ನೀರು ಹಿಡಿದಿಟ್ಟರೆ ಎಲ್ಲಕ್ಕಿಂತ ಮೇಲು.

ಉಪಕರಣ: ಹೆಚ್ಚೇನೂ ಬೇಡ

ಸಸಿ ಹಂತಕ್ಕೆ ಸಲಿಕೆ, ಕತ್ತರಿ ಸೆಟ್, ಕೈಗವಸು ಎಂದು ದುಡ್ಡು ಸುರಿಯಬೇಕಿಲ್ಲ.

ತೂತು ಹಾಕೋಕೆ ಇಕ್ಕಳದಲ್ಲಿ ಹಿಡಿದು ಕಾಯಿಸಿದ ಮೊಳೆ. ಇದನ್ನು ಮನೆಯೊಳಗೆ ಮಾಡಬೇಡಿ, ಹೊಗೆ ಒಳ್ಳೆಯದಲ್ಲ. ಬೀಜದ ಗುಣಿ ಮಾಡೋಕೆ ಹಳೇ ಪೆನ್ಸಿಲ್. ಬೀಜದ ಗಾತ್ರದ ಎರಡು ಮೂರರಷ್ಟು ಆಳ ಸಾಕು, ಟೊಮೆಟೊಗೆ ಅರ್ಧ ಸೆಂಟಿಮೀಟರ್ ಸಾಕು. ಸಸಿ ಎತ್ತೋಕೆ ಚಮಚದ ಹಿಡಿ ಅಥವಾ ಐಸ್‌ಕ್ರೀಮ್ ಕಡ್ಡಿ. ಸಸಿಯನ್ನು ಎಲೆ ಹಿಡಿದು ಎತ್ತಬೇಕು, ಕಾಂಡ ಹಿಸುಕಬಾರದು. ಗೊಬ್ಬರ ಜಾಲಿಸೋಕೆ ಹಳೇ ಜರಡಿ.

ನೀರಿಗೆ ಬಾಟಲಿ ಮುಚ್ಚಳಕ್ಕೆ ಸೂಜಿಯಲ್ಲಿ ಹತ್ತು ಹದಿನೈದು ತೂತು ಹಾಕಿದರೆ ಮಳೆ ಹನಿಯಂತೆ ಬೀಳುತ್ತೆ. ಚೊಂಬಿನಲ್ಲಿ ಸುರಿದರೆ ಬೀಜ ಒಂದು ಮೂಲೆಗೆ ತೇಲಿ ಹೋಗುತ್ತೆ. ಸ್ಪ್ರೇ ಬಾಟಲಿ ಬೇಕಾದರೆ ಹೊಸದೇ ತನ್ನಿ. ಟಾಯ್ಲೆಟ್ ಕ್ಲೀನರ್, ಸೊಳ್ಳೆ ಔಷಧಿ ಇದ್ದ ಬಾಟಲಿ ಮರುಬಳಕೆ ಬೇಡ.

ಗುರುತಿಗೆ ಐಸ್‌ಕ್ರೀಮ್ ಕಡ್ಡಿಯ ಮೇಲೆ ಪೆನ್ಸಿಲ್‌ನಿಂದ ತಳಿ, ಬಿತ್ತಿದ ತಾರೀಕು ಬರೆದು ಚುಚ್ಚಬೇಕು. ಪೆನ್ನಿನ ಶಾಯಿ ನೀರಿಗೆ ಅಳಿಸುತ್ತೆ. ಮೆಣಸಿನಕಾಯಿ ಮೊಳೆಯೋಕೆ ಹತ್ತು ದಿನದ ಆಸುಪಾಸು ಬೇಕು, ತಾರೀಕು ಬರೆದಿಲ್ಲದಿದ್ದರೆ ಬೀಜ ಸತ್ತಿದೆ ಅಂತ ಐದನೇ ದಿನವೇ ಚೆಲ್ಲುವವರೂ ಇದ್ದಾರೆ.

ಮರುಬಳಕೆಗೆ ಮುಂಚೆ ತೊಳೆಯೋದು, ಸೊಳ್ಳೆಗೆ ಜಾಗ ಕೊಡದಿರೋದು

ಬುಡ ಕೊಳೆಯುವ ರೋಗದ ಶಿಲೀಂಧ್ರ ಹಳೇ ಮಣ್ಣು, ಕೊಳಕು ಟ್ರೇಯಲ್ಲಿ ಉಳಿದಿರುತ್ತೆ. ಬಳಸಿದ ಟ್ರೇ ಉಜ್ಜಿ ತೊಳೆದು, ಒಂದು ಪಾಲು ಬ್ಲೀಚ್ ದ್ರವಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಮುಳುಗಿಸಿಟ್ಟು, ಮತ್ತೆ ಒಳ್ಳೆ ನೀರಲ್ಲಿ ತೊಳೆದು ಒಣಗಿಸಬೇಕು. ಬ್ಲೀಚ್ ಜೊತೆ ಆಸಿಡ್ ಅಥವಾ ಬೇರೆ ಕ್ಲೀನರ್ ಬೆರೆಸಬಾರದು, ವಿಷಾನಿಲ ಬರುತ್ತೆ.

ಡಬ್ಬದ ಕೆಳಗಿಡುವ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ. ಮೊಟ್ಟೆಯಿಂದ ಸೊಳ್ಳೆಯಾಗೋಕೆ ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆಯಾದರೂ ತಟ್ಟೆ ಚೆಲ್ಲಿ ಉಜ್ಜಬೇಕು. ಬಳಸದ ಟಿನ್, ಬುರುಡೆ ಬೋರಲು ಹಾಕಿಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕಲೂ ಅವಕಾಶ ಮಾಡಿದೆ. ಮನೆ, ಅಂಗಡಿ ಎರಡಕ್ಕೂ ಇದು ಅನ್ವಯ.

ಅಂಗಡಿಯವರು ಏನು ಮಾಡಬಹುದು?

ಹೋಟೆಲ್, ಬೇಕರಿಯವರು ಮೊಸರು ಬಕೆಟ್, ಎಣ್ಣೆ ಟಿನ್‌ಗಳನ್ನು ಬೇರೆಯಾಗಿ ಎತ್ತಿಟ್ಟು ಗುಜರಿ ದರಕ್ಕೇ ಗಿಡ ಬೆಳೆಸುವವರಿಗೆ ಕೊಟ್ಟರೆ ಇಬ್ಬರಿಗೂ ಅನುಕೂಲ. ಗುಜರಿ ಅಂಗಡಿಯವರು ಆಹಾರದ ಡಬ್ಬ ಒಂದು ಕಡೆ, ಕಾರ್ಖಾನೆ ಡಬ್ಬ ಇನ್ನೊಂದು ಕಡೆ ಜೋಡಿಸಿ, ಲೇಬಲ್ ಕೀಳದೆ ಹಾಗೇ ಬಿಟ್ಟರೆ ಕೇಳಿದವರಿಗೆ ಉತ್ತರ ಹೇಳೋದು ಸುಲಭ. 'ಇದರಲ್ಲಿ ಏನಿತ್ತೋ ಗೊತ್ತಿಲ್ಲ ಸಾರ್, ಗಿಡಕ್ಕೆ ಬೇಡ' ಎಂದ ಅಂಗಡಿಗೆ ಗಿರಾಕಿ ಮತ್ತೆ ಬರುತ್ತಾನೆ. ಗೊಬ್ಬರದ ಅಂಗಡಿಯವರು ಪ್ರೋ ಟ್ರೇ, ಕೊಕೊಪೀಟ್‌ಗಳನ್ನು ಬಿಡಿಯಾಗಿ ಕೊಡುವಂತಾದರೆ ಟೆರೇಸ್ ಗಿರಾಕಿಗಳು ಆನ್‌ಲೈನ್ ಕಿಟ್ ಹುಡುಕೋದು ತಪ್ಪುತ್ತೆ.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ಹತ್ತು ಹಾಲಿನ ಪ್ಯಾಕೆಟ್, ಒಂದು ಕ್ರೇಟ್, ಒಂದು ಸಣ್ಣ ಇಟ್ಟಿಗೆ ಕೊಕೊಪೀಟ್, ಎರಡು ಕೆಜಿ ಎರೆಗೊಬ್ಬರ, ಒಂದು ಪ್ಯಾಕೆಟ್ ಟೊಮೆಟೊ ಬೀಜ. ಒಂದೊಂದು ಪ್ಯಾಕೆಟ್‌ಗೆ ಎರಡು ಬೀಜ ಹಾಕಿ, ಮೊಳೆಯುವವರೆಗೆ ನೆರಳಲ್ಲಿಟ್ಟು, ಮೊಳೆತ ದಿನವೇ ಬೆಳಗಿನ ಬಿಸಿಲು ಬೀಳುವ ಕಡೆಗೆ ತರಬೇಕು. ನೆರಳಲ್ಲೇ ಬಿಟ್ಟರೆ ಸಸಿ ಉದ್ದಕ್ಕೆ ಬೆಳೆದು ಬಗ್ಗುತ್ತೆ. ಎರಡೂ ಮೊಳೆತರೆ ಬಲವಾದದ್ದನ್ನು ಉಳಿಸಿ ಇನ್ನೊಂದನ್ನು ಕತ್ತರಿಯಲ್ಲಿ ಕತ್ತರಿಸಬೇಕು, ಕೀಳಬಾರದು. ನಾಲ್ಕೈದು ಎಲೆ ಬಂದಾಗ ಸಂಜೆ ಹೊತ್ತು ನೆಡಬೇಕು. ಹತ್ತರಲ್ಲಿ ಏಳು ಉಳಿದರೂ ಒಂದು ಮನೆಗೆ ಬೇಕಾದಷ್ಟಾಯಿತು.

ಬೆಳೆ, ತಳಿ, ರೋಗದ ಬಗ್ಗೆ ಅನುಮಾನ ಇದ್ದವರು ಆನೇಕಲ್‌ನ ತೋಟಗಾರಿಕೆ ಇಲಾಖೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬಹುದು. ಡಬ್ಬದ ಬಗ್ಗೆ ಅನುಮಾನ ಬಂದರೆ ಯಾರನ್ನೂ ಕೇಳಬೇಕಿಲ್ಲ, ಅದನ್ನು ಬಿಟ್ಟು ಮೊಸರಿನ ಬಕೆಟ್ ತಂದರೆ ಮುಗೀತು.